ನಿವ್ವಳ ಲೆಕ್ಕದಲ್ಲಿ ಕಾಣದ ಕಾಡು

ಜಗತ್ತಿನ ಕಾಡುಗಳ ಬಗ್ಗೆ 2025ರಲ್ಲಿ ಎರಡು ಲೆಕ್ಕಗಳು ಹೊರಬಂದವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಐದು ವರ್ಷಕ್ಕೊಮ್ಮೆ ಪ್ರಕಟಿಸುವ ತನ್ನ ಅರಣ್ಯ ಸಮೀಕ್ಷೆಯಲ್ಲಿ, 1990ರ ದಶಕದಲ್ಲಿ ವರ್ಷಕ್ಕೆ 1.07 ಕೋಟಿ ಹೆಕ್ಟೇರ್ ಇದ್ದ ನಿವ್ವಳ ಅರಣ್ಯ ನಷ್ಟವು 2015ರಿಂದ 2025ರವರೆಗಿನ ಅವಧಿಯಲ್ಲಿ ವರ್ಷಕ್ಕೆ 41.2 ಲಕ್ಷ ಹೆಕ್ಟೇರಿಗೆ ಇಳಿದಿದೆ ಎಂದು ತಿಳಿಸಿತು. ಅದಕ್ಕೆ ಕೆಲವು ತಿಂಗಳ ಮೊದಲು, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಉಪಗ್ರಹ ಮಾಹಿತಿಯನ್ನು ಆಧರಿಸಿ ಜಗತ್ತಿನ ಕಾಡುಗಳ ಮೇಲೆ ನಿಗಾ ಇಡುವ ಗ್ಲೋಬಲ್ ಫಾರೆಸ್ಟ್ ವಾಚ್ ಪ್ರಕಟಿಸಿದ ವಿಶ್ಲೇಷಣೆಯು, 2024ರ ಒಂದೇ ವರ್ಷದಲ್ಲಿ ಉಷ್ಣವಲಯದ ದೇಶಗಳು 67 ಲಕ್ಷ ಹೆಕ್ಟೇರ್ ಮೂಲ ಅರಣ್ಯವನ್ನು, ಅಂದರೆ ಈಚೆಗೆ ಕಡಿಯದೆ ಉಳಿದಿದ್ದ ಹಳೆಯ ಸಹಜ ಕಾಡನ್ನು, ಕಳೆದುಕೊಂಡವೆಂದೂ, ಇದು ಹಿಂದಿನ ವರ್ಷದ ನಷ್ಟದ ಸುಮಾರು ಎರಡರಷ್ಟೆಂದೂ, ಎರಡು ದಶಕಗಳ ದಾಖಲೆಯಲ್ಲೇ ಅತಿ ಹೆಚ್ಚೆಂದೂ ಹೇಳಿತ್ತು. ಒಂದು ವರದಿಯನ್ನಷ್ಟೇ ಓದಿದವರಿಗೆ ಪರಿಸ್ಥಿತಿ ಸುಧಾರಿಸುತ್ತಿರುವಂತೆಯೂ, ಇನ್ನೊಂದನ್ನಷ್ಟೇ ಓದಿದವರಿಗೆ ಕೈಮೀರಿ ಹೋಗುತ್ತಿರುವಂತೆಯೂ ತೋರುವುದು ಸಹಜ. ಎರಡೂ ಲೆಕ್ಕಗಳು ಸರಿಯಾಗಿಯೇ ಇವೆ. ಅವು ಅಳೆಯುತ್ತಿರುವ ವಸ್ತುಗಳು ಮಾತ್ರ ಬೇರೆ ಬೇರೆ, ಮತ್ತು ಆ ವ್ಯತ್ಯಾಸವನ್ನು ತಿಳಿಯದೆ ಯಾವ ಖಂಡದ ಕಾಡಿನ ಬಗೆಗೂ ಖಚಿತವಾಗಿ ಮಾತನಾಡಲು ಬರುವುದಿಲ್ಲ.

ಎಫ್‌ಎಒ ಪ್ರಕಾರ ಅರಣ್ಯವೆಂದರೆ ಅರ್ಧ ಹೆಕ್ಟೇರಿಗಿಂತ ದೊಡ್ಡದಾದ, ಐದು ಮೀಟರಿಗಿಂತ ಎತ್ತರದ ಮರಗಳಿರುವ, ಮರಗಳ ನೆತ್ತಿ ನೆಲದ ಶೇ 10ಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿರುವ ಅಥವಾ ಮುಂದೆ ಮುಚ್ಚಬಲ್ಲ ಭೂಮಿ. ಆದರೆ ಅದರ ಮುಖ್ಯ ಬಳಕೆ ಕೃಷಿಯಾಗಲಿ ನಗರವಾಗಲಿ ಆಗಿರಬಾರದು. ಇಲ್ಲಿ ನಿರ್ಣಾಯಕವಾದದ್ದು ಮರಕ್ಕಿಂತ ಹೆಚ್ಚಾಗಿ ಭೂಮಿಯ ಬಳಕೆ. ಕಡಿದ ಮೇಲೆ ಮತ್ತೆ ಕಾಡಾಗಿಯೇ ಬೆಳೆಯಬೇಕಾದ ಬೋಳು ನೆಲವೂ, ಬೆಂಕಿಯಲ್ಲಿ ಕರಕಲಾದ ಗುಡ್ಡವೂ ಈ ಲೆಕ್ಕದಲ್ಲಿ ಅರಣ್ಯವಾಗಿಯೇ ಉಳಿಯುತ್ತವೆ. ರಬ್ಬರ್ ತೋಪು ಅರಣ್ಯದೊಳಗೆ ಬರುತ್ತದೆ, ತಾಳೆ ಎಣ್ಣೆಯ ತೋಟ ಬರುವುದಿಲ್ಲ. ಉಪಗ್ರಹಕ್ಕೆ ಈ ಭೇದಗಳು ಗೊತ್ತಿಲ್ಲ. ಮೂವತ್ತು ಮೀಟರ್ ಚದರದ ಒಂದು ತುಣುಕಿನಲ್ಲಿ ಹೋದ ವರ್ಷ ಮರಗಳ ಹೊದಿಕೆ ಇತ್ತೇ, ಈ ವರ್ಷ ಇದೆಯೇ ಎಂಬುದನ್ನಷ್ಟೇ ಅದು ನೋಡುತ್ತದೆ; ಬೆಂಕಿ ಬಿದ್ದರೂ ಕೊಡಲಿ ಬಿದ್ದರೂ ಹೊದಿಕೆ ಹೋದದ್ದು ಹೋದಂತೆಯೇ ದಾಖಲಾಗುತ್ತದೆ. ಎಫ್‌ಎಒ ವರದಿಯು ಬಹುಪಾಲು ಆಯಾ ದೇಶಗಳು ಕಳಿಸಿದ ಅಂಕಿಗಳನ್ನು ಜೋಡಿಸಿ ಮಾಡಿದ್ದು ಎಂಬುದನ್ನೂ ನೆನಪಿಡಬೇಕು. 2020ರ ಸಮೀಕ್ಷೆಯಲ್ಲಿ 406 ಕೋಟಿ ಹೆಕ್ಟೇರ್ ಎಂದಿದ್ದ ಜಗತ್ತಿನ ಒಟ್ಟು ಅರಣ್ಯ 2025ರ ಸಮೀಕ್ಷೆಯಲ್ಲಿ 414 ಕೋಟಿ ಹೆಕ್ಟೇರ್ ಆಗಿದೆ. ನಿವ್ವಳ ನಷ್ಟ ಮುಂದುವರಿದಿದೆ ಎಂದು ಅದೇ ವರದಿ ಹೇಳುತ್ತಿರುವುದರಿಂದ, ಈ ಏರಿಕೆ ಕಾಡು ಬೆಳೆದದ್ದರ ಫಲವಲ್ಲ, ಅಂಕಿಗಳು ಪರಿಷ್ಕೃತವಾದದ್ದರ ಫಲ.

ಇನ್ನು ‘ನಿವ್ವಳ’ ಎಂಬುದರ ಒಳಗೆ ಏನಿದೆ ಎಂದು ನೋಡಬೇಕು. 2015ರಿಂದ 2025ರವರೆಗೆ ಪ್ರತಿ ವರ್ಷ ಸುಮಾರು 1.09 ಕೋಟಿ ಹೆಕ್ಟೇರ್ ಅರಣ್ಯವು ಹೊಲ, ಹುಲ್ಲುಗಾವಲು, ಗಣಿ ಅಥವಾ ಊರಾಗಿ ಮಾರ್ಪಟ್ಟಿತು. ಅದೇ ಹೊತ್ತಿಗೆ ಬೇರೆಡೆಗಳಲ್ಲಿ ಸುಮಾರು 68 ಲಕ್ಷ ಹೆಕ್ಟೇರ್ ಹೊಸದಾಗಿ ಅರಣ್ಯದ ಲೆಕ್ಕಕ್ಕೆ ಸೇರಿತು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ 41 ಲಕ್ಷ. ಈ ಕಳೆಯುವ ಲೆಕ್ಕದಲ್ಲಿ ಅಮೆಜಾನಿನ ಒಂದು ಹೆಕ್ಟೇರ್ ಮಳೆಕಾಡೂ ಚೀನಾದಲ್ಲಿ ನೆಟ್ಟ ಒಂದು ಹೆಕ್ಟೇರ್ ಪಾಪ್ಲರ್ ಸಸಿಗಳೂ ಸಮ. ಕಡಿದುಹೋದ ಉಷ್ಣವಲಯದ ಕಾಡು ತಾನಾಗಿ ಮರಳಿ ಬೆಳೆಯಲು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಮತ್ತು ಆಫ್ರಿಕಾ ಖಂಡಗಳ ಉಷ್ಣವಲಯದಲ್ಲಿ ಅಧ್ಯಯನ ಮಾಡಿರುವ ವಿಜ್ಞಾನಿಗಳು, ಮಣ್ಣಿನ ಸತ್ವ ಹತ್ತು ವರ್ಷಗಳೊಳಗೇ ಚೇತರಿಸಿಕೊಳ್ಳುತ್ತದೆ, ಮರಗಳ ಪ್ರಭೇದಗಳ ಸಂಖ್ಯೆ ಮರಳಲು ಹಲವು ದಶಕಗಳು ಬೇಕು, ಮರಗಳ ಒಟ್ಟು ತೂಕ ಮತ್ತು ಮೊದಲಿದ್ದ ಪ್ರಭೇದಗಳದೇ ಕೂಟ ಮರಳಲು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಬೇಕು ಎಂದು ಕಂಡುಕೊಂಡಿದ್ದಾರೆ. ತಾನಾಗಿ ಬೆಳೆಯಲು ಬಿಟ್ಟ ಕಾಡಿನ ಮಾತಾಯಿತು ಇದು. ಒಂದೇ ಜಾತಿಯ ಮರ ನೆಟ್ಟು ಕೆಲವೇ ವರ್ಷಗಳಿಗೊಮ್ಮೆ ಕಡಿಯುವ ನೆಡುತೋಪಿಗೆ ಈ ದಾರಿಯೇ ಇಲ್ಲ. ಆದ್ದರಿಂದ ನಿವ್ವಳ ಅಂಕಿಯೊಂದನ್ನೇ ನಂಬುವುದನ್ನು ನಾನು ಒಪ್ಪಲಾರೆ. ಹೋದದ್ದು ಎಲ್ಲಿಯ ಕಾಡು, ಬಂದದ್ದು ಎಂಥ ಕಾಡು ಎಂದು ಪ್ರದೇಶದಿಂದ ಪ್ರದೇಶಕ್ಕೆ ಬಿಡಿಸಿ ನೋಡದೆ ಬೇರೆ ದಾರಿಯಿಲ್ಲ.

ಈ ಬಿಡಿಸುವ ಕೆಲಸವನ್ನು ಬ್ರೆಜಿಲ್‌ನಿಂದ ಆರಂಭಿಸುವುದು ಸೂಕ್ತ, ಏಕೆಂದರೆ ತನ್ನ ಕಾಡಿನ ನಷ್ಟವನ್ನು ಅಷ್ಟು ದೀರ್ಘಕಾಲ, ಅಷ್ಟು ಬಹಿರಂಗವಾಗಿ ಅಳೆಯುತ್ತ ಬಂದಿರುವ ಉಷ್ಣವಲಯದ ದೇಶ ಇನ್ನೊಂದಿಲ್ಲ. ಅಲ್ಲಿನ ರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 1988ರಿಂದ ಪ್ರತಿ ವರ್ಷ ಅಮೆಜಾನ್ ಪ್ರದೇಶದ ಅರಣ್ಯನಾಶವನ್ನು ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕುತ್ತದೆ. 2004ರಲ್ಲಿ ಅಲ್ಲಿ ಒಂದೇ ವರ್ಷದಲ್ಲಿ ಕಡಿದುಹೋದದ್ದು 27,772 ಚದರ ಕಿಲೋಮೀಟರ್. ಆ ವರ್ಷವೇ, ಮರೀನಾ ಸಿಲ್ವಾ ಪರಿಸರ ಸಚಿವೆಯಾಗಿದ್ದಾಗ, ಅರಣ್ಯನಾಶ ತಡೆಯುವ ಕಾರ್ಯಯೋಜನೆ ಜಾರಿಗೆ ಬಂತು. ಕಡಿತ ನಡೆಯುತ್ತಿರುವಾಗಲೇ ಎಚ್ಚರಿಸುವ ಉಪಗ್ರಹ ವ್ಯವಸ್ಥೆಯನ್ನು ಕಟ್ಟಲಾಯಿತು. ಲಕ್ಷಾಂತರ ಹೆಕ್ಟೇರ್ ಭೂಮಿಯನ್ನು ಸಂರಕ್ಷಿತ ಪ್ರದೇಶವೆಂದೂ ಮೂಲನಿವಾಸಿಗಳ ನೆಲವೆಂದೂ ಘೋಷಿಸಲಾಯಿತು. 2006ರಲ್ಲಿ ಸೋಯಾ ವ್ಯಾಪಾರಿಗಳು, ಹೊಸದಾಗಿ ಕಾಡು ಕಡಿದ ಅಮೆಜಾನಿನ ಭೂಮಿಯಿಂದ ಬಂದ ಸೋಯಾವನ್ನು ಕೊಳ್ಳುವುದಿಲ್ಲವೆಂದು ಒಪ್ಪಂದ ಮಾಡಿಕೊಂಡರು. 2008ರಲ್ಲಿ ಕೇಂದ್ರೀಯ ಬ್ಯಾಂಕು, ಪರಿಸರ ನಿಯಮಗಳನ್ನು ಪಾಲಿಸಿರುವುದನ್ನು ತೋರಿಸದ ಜಮೀನುದಾರರಿಗೆ ಕೃಷಿ ಸಾಲ ಸಿಗದಂತೆ ಮಾಡಿತು. ಫಲವಾಗಿ 2012ರ ಹೊತ್ತಿಗೆ ವಾರ್ಷಿಕ ಕಡಿತ 4,571 ಚದರ ಕಿಲೋಮೀಟರಿಗೆ, ಅಂದರೆ ಆರರಲ್ಲಿ ಒಂದು ಪಾಲಿಗೆ ಇಳಿಯಿತು. ಆ ಅವಧಿಯಲ್ಲಿ ಬ್ರೆಜಿಲ್‌ನ ಸೋಯಾ ಉತ್ಪಾದನೆ ಹೆಚ್ಚಿತೇ ಹೊರತು ಕುಸಿಯಲಿಲ್ಲ. ಕಾಡು ಉಳಿಸಿದರೆ ರೈತ ಉಳಿಯುವುದಿಲ್ಲ ಎಂಬ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ತಿಳಿದಂತೆ ಇನ್ನೆಲ್ಲೂ ಸಿಕ್ಕಿಲ್ಲ.

ಹಾಗೆ ಬಂದ ಫಲ ಹಾಗೆಯೇ ನಿಲ್ಲಲಿಲ್ಲ. ಮೇಲ್ವಿಚಾರಣಾ ಸಂಸ್ಥೆಗಳ ಕೈಕಟ್ಟಿದ ವರ್ಷಗಳಲ್ಲಿ ಕಡಿತ ಮತ್ತೆ ಏರಿ, 2021ರಲ್ಲಿ 13,038 ಚದರ ಕಿಲೋಮೀಟರ್ ಮುಟ್ಟಿತು. 2023ರಲ್ಲಿ ಸರ್ಕಾರ ಬದಲಾಗಿ ಮರೀನಾ ಸಿಲ್ವಾ ಅದೇ ಖಾತೆಗೆ ಮರಳಿದ ಮೇಲೆ ಇಳಿಮುಖವಾಗಿ, 2024ರಲ್ಲಿ 6,288 ಚದರ ಕಿಲೋಮೀಟರಿಗೆ ಬಂತು. ಆದರೆ ಇದೇ 2024ರಲ್ಲಿ, ಗ್ಲೋಬಲ್ ಫಾರೆಸ್ಟ್ ವಾಚ್ ಲೆಕ್ಕದಲ್ಲಿ ಬ್ರೆಜಿಲ್‌ನ ಮೂಲ ಅರಣ್ಯದ ನಷ್ಟ ತೀವ್ರವಾಗಿ ಏರಿದೆ. ಸರ್ಕಾರಿ ಲೆಕ್ಕ ಪೂರ್ತಿ ಬೋಳಾಗಿಸಿದ ನೆಲವನ್ನು ಹಿಡಿಯುತ್ತದೆ, ಇನ್ನೊಂದು ಬೆಂಕಿಯಲ್ಲಿ ಸುಟ್ಟ ಹೊದಿಕೆಯನ್ನೂ ಹಿಡಿಯುತ್ತದೆ, ಮತ್ತು ಆ ವರ್ಷ ತೀವ್ರ ಬರಗಾಲದಿಂದ ಒಣಗಿದ್ದ ಅಮೆಜಾನಿನಲ್ಲಿ ಬೆಂಕಿ ವ್ಯಾಪಕವಾಗಿ ಹಬ್ಬಿತ್ತು. ಮಳೆಕಾಡು ಸ್ವಭಾವತಃ ಹೊತ್ತಿ ಉರಿಯುವ ಕಾಡಲ್ಲ. ಅದರ ಮರಗಳು ನೆಲದಿಂದ ಹೀರಿದ ನೀರನ್ನು ಎಲೆಗಳ ಮೂಲಕ ಗಾಳಿಗೆ ಬಿಡುತ್ತವೆ, ಆ ತೇವವೇ ಪಶ್ಚಿಮಕ್ಕೆ ಸಾಗಿ ಮತ್ತೆ ಮಳೆಯಾಗಿ ಸುರಿಯುತ್ತದೆ. ಕಾಡಿನ ಅಂಚುಗಳು ಹೆಚ್ಚಿದಷ್ಟೂ ಒಳಗಿನ ನೆಲ ಒಣಗುತ್ತದೆ, ಹುಲ್ಲುಗಾವಲು ಮಾಡಲು ಹಚ್ಚಿದ ಬೆಂಕಿ ಕಾಡಿನೊಳಕ್ಕೆ ನುಗ್ಗುತ್ತದೆ. ಕಡಿತ ತಗ್ಗಿದ ವರ್ಷವೂ ನಷ್ಟ ಹೆಚ್ಚಬಹುದೆಂಬುದಕ್ಕೆ ಕಾರಣ ಇದೇ. ಹಿಂದಿನ ದಶಕಗಳ ಕಡಿತವೇ ಇಂದಿನ ಬೆಂಕಿಗೆ ದಾರಿ ಮಾಡಿಕೊಟ್ಟಿದೆ.

ಅಮೆಜಾನಿಗೆ ತಾಗಿಕೊಂಡೇ ಇರುವ ಸೆರಾಡೊ ಎಂಬ ವಿಶಾಲ ಕುರುಚಲು ಮರಗಳ ಬಯಲಿನ ಕಥೆ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ಬ್ರೆಜಿಲ್‌ನ ಅರಣ್ಯ ಕಾನೂನಿನಂತೆ ಅಮೆಜಾನ್ ಕಾಡಿನಲ್ಲಿ ಜಮೀನುಳ್ಳವರು ಅದರ ಶೇ 80 ಭಾಗವನ್ನು ಕಾಡಾಗಿ ಉಳಿಸಬೇಕು. ಸೆರಾಡೊದ ಬಹುಭಾಗದಲ್ಲಿ ಈ ಮಿತಿ ಶೇ 20 ಮಾತ್ರ, ಸೋಯಾ ವ್ಯಾಪಾರಿಗಳ ಒಪ್ಪಂದವೂ ಅಲ್ಲಿಗೆ ಅನ್ವಯಿಸಲಿಲ್ಲ. ಹೀಗಾಗಿ ಒಂದೆಡೆ ತಡೆದ ಬೇಡಿಕೆಯ ಒಂದಷ್ಟು ಭಾಗ ಪಕ್ಕದ ನೆಲಕ್ಕೆ ಸರಿಯಿತು, ಮತ್ತು 2023ರಲ್ಲಿ ಸೆರಾಡೊದಲ್ಲಿ ಕಳೆದುಹೋದ ಸಸ್ಯಹೊದಿಕೆ ಅಮೆಜಾನಿನದಕ್ಕಿಂತ ಹೆಚ್ಚಾಗಿತ್ತು. ಬೇಡಿಕೆ ಹೀಗೆ ಜಾಗ ಬದಲಿಸುವುದು ಮುಂದೆ ಬರುವ ಹಲವು ದೇಶಗಳಲ್ಲೂ ಕಾಣುತ್ತದೆ.

ಆಫ್ರಿಕಾದ ಕಾಂಗೋ ಕಣಿವೆಯಲ್ಲಿ, ಅಂದರೆ ಜಗತ್ತಿನ ಎರಡನೆಯ ಅತಿ ದೊಡ್ಡ ಮಳೆಕಾಡಿನಲ್ಲಿ, ಕಾರಣಗಳ ಸ್ವರೂಪವೇ ಬೇರೆ. ಅಲ್ಲಿ ಕಾಡು ಕಡಿಯುವವರಲ್ಲಿ ಹೆಚ್ಚಿನವರು ದೊಡ್ಡ ಕಂಪನಿಗಳಲ್ಲ, ಸಣ್ಣ ರೈತರು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಒಂದು ಕಾಲಕ್ಕೆ ಇದ್ದ ಕುಮರಿ ಬೇಸಾಯದಂತೆ, ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಕೆಲವು ವರ್ಷ ಮರಗೆಣಸು, ಮೆಕ್ಕೆಜೋಳ ಬೆಳೆದು, ಬಳಿಕ ಆ ನೆಲವನ್ನು ದೀರ್ಘಕಾಲ ಬೀಳು ಬಿಡುವ ಪದ್ಧತಿ ಅವರದು. ಜನಸಂಖ್ಯೆ ವಿರಳವಾಗಿದ್ದಾಗ ಕಾಡು ಮರಳಿ ಬರಲು ಕಾಲಾವಕಾಶವಿತ್ತು. ಈಗ ಬೀಳು ಬಿಡುವ ವರ್ಷಗಳು ಕಡಿಮೆಯಾಗಿವೆ, ಜೊತೆಗೆ ಕಿನ್ಶಾಸಾದಂತಹ ಬೃಹತ್ ನಗರಗಳ ಅಡುಗೆ ಒಲೆಗಳಿಗೆ ಇದ್ದಿಲು ಬೇಕು. ವಿದ್ಯುತ್ತೂ ಅನಿಲವೂ ತಲುಪದ ಮನೆಗಳಿಗೆ ಬೇರೆ ಉರುವಲಿಲ್ಲ. ಹೀಗಿರುವಾಗ ಅಲ್ಲಿನ ರೈತನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. 2024ರಲ್ಲಿ ಕಾಂಗೋ ಹೆಸರಿನ ಎರಡೂ ದೇಶಗಳಲ್ಲಿ ಮೂಲ ಅರಣ್ಯದ ನಷ್ಟ ದಾಖಲೆಯ ಮಟ್ಟ ಮುಟ್ಟಿತು. ಈ ಕಾಡಿನ ಅಡಿಯಲ್ಲಿ, ಸುಮಾರು 1,45,000 ಚದರ ಕಿಲೋಮೀಟರ್ ಹರಡಿರುವ ಜೌಗಿನಲ್ಲಿ, ಕೊಳೆಯದೆ ಉಳಿದ ಸಸ್ಯಾವಶೇಷಗಳಿಂದಾದ ಪೀಟ್ ಮಣ್ಣಿನ ಪದರವಿದ್ದು, ಅದರಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ ಅಡಗಿದೆ ಎಂಬುದು ಗೊತ್ತಾದದ್ದು 2017ರಲ್ಲಷ್ಟೇ. ನೆರೆಯ ಗ್ಯಾಬೊನ್ ತನ್ನ ನೆಲದ ಹತ್ತರಲ್ಲಿ ಎಂಟು ಭಾಗಕ್ಕೂ ಹೆಚ್ಚು ಕಾಡನ್ನು ಉಳಿಸಿಕೊಂಡಿದೆ, 2010ರಲ್ಲಿ ದಿಮ್ಮಿಗಳ ರಫ್ತನ್ನೇ ನಿಷೇಧಿಸಿತು. ಆದರೆ ಅದು ಕಡಿಮೆ ಜನಸಂಖ್ಯೆಯ, ತೈಲದ ಆದಾಯವಿರುವ ದೇಶ.

ಸಹಾರಾ ಮರುಭೂಮಿಯ ದಕ್ಷಿಣದಂಚಿನ ನೈಜರ್ ದೇಶದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. 1980ರ ದಶಕದಿಂದೀಚೆಗೆ ಅಲ್ಲಿನ ರೈತರು ಹೊಲದಲ್ಲಿ ಕಡಿದ ಮರಗಳ ಬೊಡ್ಡೆಗಳಿಂದ ಚಿಗುರುವ ಟಿಸಿಲುಗಳನ್ನು ಕಿತ್ತೆಸೆಯದೆ, ಕೆಲವನ್ನು ಆರಿಸಿ ಬೆಳೆಯಲು ಬಿಟ್ಟರು. ಸಸಿ ನೆಡುವ ಖರ್ಚಿಲ್ಲ, ನರ್ಸರಿಯಿಲ್ಲ. ನೆಲದಡಿಯ ಬೇರು ಬದುಕಿಯೇ ಇತ್ತು. ಹೀಗೆ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರಗಳು ಮರಳಿದವು, ಗಾಳಿಗೆ ಮಣ್ಣು ಹಾರುವುದು ಕಡಿಮೆಯಾಯಿತು, ಮೇವೂ ಸೌದೆಯೂ ಸಿಕ್ಕವು. ಆ ನೆಲದ ಮುಖ್ಯ ಬಳಕೆ ಕೃಷಿಯಾದ್ದರಿಂದ ಎಫ್‌ಎಒ ಅರಣ್ಯದ ಅಂಕಿಯಲ್ಲಿ ಈ ಸಾಧನೆಗೆ ಜಾಗವಿಲ್ಲ.

ಏಷ್ಯಾದ ಅಂಕಿಗಳನ್ನು ಓದುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. 2020ರ ಸಮೀಕ್ಷೆಯಂತೆ 2010ರಿಂದ 2020ರ ನಡುವೆ ಏಷ್ಯಾ ಖಂಡದ ಅರಣ್ಯ ವರ್ಷಕ್ಕೆ ಸುಮಾರು 12 ಲಕ್ಷ ಹೆಕ್ಟೇರ್ ಹೆಚ್ಚಿತು. ಅದೇ ಅವಧಿಯಲ್ಲಿ ಚೀನಾ ಒಂದರ ಹೆಚ್ಚಳವೇ ವರ್ಷಕ್ಕೆ ಸುಮಾರು 19 ಲಕ್ಷ ಹೆಕ್ಟೇರ್. ಚೀನಾವನ್ನು ಬದಿಗಿಟ್ಟರೆ ಉಳಿದ ಏಷ್ಯಾ ಒಟ್ಟಾರೆ ಕಾಡು ಕಳೆದುಕೊಳ್ಳುತ್ತಲೇ ಇತ್ತು. 1998ರಲ್ಲಿ ಯಾಂಗ್ಸಿ ನದಿ ಉಕ್ಕಿ ಸಾವಿರಾರು ಜನ ಪ್ರಾಣ ಕಳೆದುಕೊಂಡಾಗ, ಮೇಲ್ಕಣಿವೆಯ ಕಾಡು ಬೋಳಾದದ್ದೇ ಒಂದು ಮುಖ್ಯ ಕಾರಣವೆಂದು ಚೀನಾ ಸರ್ಕಾರ ಒಪ್ಪಿತು. ನೈಸರ್ಗಿಕ ಕಾಡಿನಲ್ಲಿ ಮರ ಕಡಿಯುವುದನ್ನು ಹಂತ ಹಂತವಾಗಿ ನಿಲ್ಲಿಸಲಾಯಿತು. 1999ರಿಂದ, ಕಡಿದಾದ ಇಳಿಜಾರಿನಲ್ಲಿ ಉಳುವುದನ್ನು ಬಿಟ್ಟು ಮರ ಬೆಳೆಸುವ ರೈತರಿಗೆ ಧಾನ್ಯವನ್ನೂ ಹಣವನ್ನೂ ಕೊಡಲಾಯಿತು. ಹಳದಿ ನದಿಯ ಕಣಿವೆಯ ಸವಕಲು ಪ್ರಸ್ಥಭೂಮಿ ಹಸಿರಾದದ್ದು ನಿಜ, ನದಿಗೆ ಹರಿಯುವ ಹೂಳು ತಗ್ಗಿದ್ದೂ ನಿಜ. ಆದರೆ ನೆಟ್ಟದ್ದರಲ್ಲಿ ಬಹಳಷ್ಟು ಒಂದೆರಡೇ ಜಾತಿಯ ಮರಗಳು, ಮತ್ತು ಮಳೆ ಕಡಿಮೆಯಿರುವ ಆ ಸೀಮೆಯಲ್ಲಿ ಅವು ಹೀರುವ ನೀರು ಅಲ್ಲಿನ ಜನರ ಪಾಲಿನ ನೀರಿಗೆ ಪೈಪೋಟಿಯಾಗಿದೆ. ಇದಲ್ಲದೆ ಚೀನಾಕ್ಕೆ ಬೇಕಾದ ಮರವೂ ಸೋಯಾವೂ ಈಗ ಹೊರಗಿನಿಂದ ಬರುತ್ತವೆ. ಬ್ರೆಜಿಲ್‌ನ ಸೋಯಾವನ್ನು ಕೊಳ್ಳುವ ಅತಿ ದೊಡ್ಡ ಗಿರಾಕಿ ಅದೇ.

ವಿಯೆಟ್ನಾಂನ ಅರಣ್ಯ ಹೊದಿಕೆ 1990ರ ಸುಮಾರಿಗೆ ದೇಶದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚಿದ್ದದ್ದು ಈಗ ಶೇ 42ರ ಆಸುಪಾಸಿನಲ್ಲಿದೆ. ಗುಡ್ಡದ ಭೂಮಿಯನ್ನು ಕುಟುಂಬಗಳಿಗೆ ಹಂಚಿದ್ದರಿಂದ ಈ ಬದಲಾವಣೆಗೆ ಬಲ ಬಂತು. ಹೆಚ್ಚಳದ ದೊಡ್ಡ ಪಾಲು ಮಲೆನಾಡಿನವರಿಗೆ ಚಿರಪರಿಚಿತವಾದ ಅಕೇಶಿಯಾದ ತೋಪುಗಳದು. ಐದಾರು ವರ್ಷಕ್ಕೆ ಕಡಿದು ಚಕ್ಕೆ ಮಾಡಿ ಹಡಗೇರಿಸುವ ಮರ ಅದು. ಪೀಠೋಪಕರಣದ ಕಾರ್ಖಾನೆಗಳಿಗೆ ಬೇಕಾದ ಗಟ್ಟಿ ಮರ ಬಹುಕಾಲ ಲಾವೋಸ್ ಮತ್ತು ಕಾಂಬೋಡಿಯಾಗಳ ಹಳೆಯ ಕಾಡುಗಳಿಂದ ಬಂತು. ಇಂಡೋನೇಷ್ಯಾದಲ್ಲಿ ತಾಳೆ ಎಣ್ಣೆ ಮತ್ತು ಕಾಗದದ ತೋಟಗಳಿಗಾಗಿ ಜೌಗುಕಾಡುಗಳಲ್ಲಿ ಕಾಲುವೆ ತೋಡಿ ನೀರು ಬಸಿದಾಗ ಒಣಗಿದ ಪೀಟ್ ಮಣ್ಣೇ ಉರುವಲಾಯಿತು. 2015ರಲ್ಲಿ ಅಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ನೆಲ ಸುಟ್ಟು, ಹೊಗೆ ಸಿಂಗಪುರ, ಮಲೇಷ್ಯಾಗಳವರೆಗೂ ಕವಿಯಿತು. ಆ ಬಳಿಕ ಕೈಗೊಂಡ ಬಿಗಿ ಕ್ರಮಗಳಿಂದ ಇಂಡೋನೇಷ್ಯಾದ ನಷ್ಟ ಗಣನೀಯವಾಗಿ ಇಳಿದಿದೆ, ಅದನ್ನು ಮೆಚ್ಚಬೇಕು. ತಾಳೆ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ. ನಮ್ಮ ಬೇಕರಿ ಬಿಸ್ಕತ್ತು, ಕರಿದ ತಿಂಡಿ, ಸೋಪುಗಳಲ್ಲಿ ಆ ನೆಲದ ಪಾಲಿದೆ.

ಯುರೋಪಿನಲ್ಲಿ ಕಾಡು ಹೆಚ್ಚುತ್ತಿರುವುದು ಇಂದು ನಿನ್ನೆಯ ಮಾತಲ್ಲ. ಫ್ರಾನ್ಸಿನ ಅರಣ್ಯ ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಈಚೆಗೆ ಸುಮಾರು ಇಮ್ಮಡಿಯಾಗಿದೆ. 1900ರ ಸುಮಾರಿಗೆ ಶೇ 5ರಷ್ಟು ಮಾತ್ರ ಕಾಡಿದ್ದ ಸ್ಕಾಟ್ಲೆಂಡಿನಲ್ಲಿ ಈಗ ಶೇ 18ಕ್ಕೂ ಹೆಚ್ಚು ಇದೆ, ಆದರೆ ಅದರಲ್ಲಿ ದೊಡ್ಡ ಪಾಲು ಉತ್ತರ ಅಮೆರಿಕದಿಂದ ತಂದು ನೆಟ್ಟ ಸಿಟ್ಕಾ ಸ್ಪ್ರೂಸ್. ದೇಶ ಬಡವಾಗಿದ್ದಾಗ ಕಾಡು ಕರಗುತ್ತದೆ, ಜನ ಊರು ಬಿಟ್ಟು ನಗರ ಸೇರಿ, ಸೌದೆಯ ಬದಲು ಕಲ್ಲಿದ್ದಲು ಬಂದು, ಬಡ ಜಮೀನು ಪಾಳುಬಿದ್ದ ಮೇಲೆ ಕಾಡು ಮರಳುತ್ತದೆ ಎಂಬ ಈ ತಿರುವನ್ನು ಅಬರ್ಡೀನಿನ ಭೂಗೋಳಶಾಸ್ತ್ರಜ್ಞ ಅಲೆಕ್ಸಾಂಡರ್ ಮೇಥರ್ 1990ರ ದಶಕದಲ್ಲಿ ‘ಅರಣ್ಯ ಸಂಕ್ರಮಣ’ ಎಂಬ ಸಿದ್ಧಾಂತವಾಗಿ ಮಂಡಿಸಿದರು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ಇದೇ ಆಯಿತು. ಆದರೆ ಎಲ್ಲ ದೇಶಗಳೂ ಕಾದರೆ ಸಾಕು, ತಾನಾಗಿ ಈ ತಿರುವು ಬರುತ್ತದೆ ಎಂದು ತಿಳಿಯುವುದು ಅಪಾಯಕಾರಿ. ಬ್ರಿಟನ್ ತನ್ನ ಮರದ ಹಸಿವನ್ನು ಮಲಬಾರ್, ಕೆನರಾ, ಬರ್ಮಾಗಳ ತೇಗದಿಂದ ತೀರಿಸಿಕೊಳ್ಳಬಹುದಾಗಿದ್ದ ಕಾಲವದು. ಆ ತೇಗ ಹಡಗುಗಳಾಗಿ ಹೋಯಿತು. ಇಂದಿನ ಕಾಂಗೋ ದೇಶಕ್ಕೆ ಅಂಥ ಹೊರಗಿನ ಕಾಡು ಯಾವುದೂ ಇಲ್ಲ. ಕಾದು ಕೂರದೆ ತಿರುವು ತಂದುಕೊಂಡ ಸಣ್ಣ ದೇಶ ಕೋಸ್ಟರಿಕಾ. 1980ರ ದಶಕದ ಹೊತ್ತಿಗೆ ಬಹುಪಾಲು ಕಾಡನ್ನು ದನಗಾವಲಾಗಿಸಿದ್ದ ಅದು, 1996ರ ಕಾನೂನಿನಿಂದ ಕಾಡನ್ನು ಬೇರೆ ಬಳಕೆಗೆ ಬದಲಿಸುವುದನ್ನು ನಿಷೇಧಿಸಿ, ಇಂಧನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸುವ ಜಮೀನುದಾರರಿಗೆ ಕೊಡಲಾರಂಭಿಸಿತು. ಈಗ ಅಲ್ಲಿ ಅರ್ಧಕ್ಕೂ ಹೆಚ್ಚು ನೆಲ ಕಾಡು.

ಉತ್ತರದ ಶೀತವಲಯದ ಕಾಡುಗಳ ಸಮಸ್ಯೆ ನಿವ್ವಳ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. 2023ರಲ್ಲಿ ಕೆನಡಾದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಸುಟ್ಟಿತು. ಭೂಬಳಕೆ ಬದಲಾಗದಿರುವುದರಿಂದ ಅದಿನ್ನೂ ಅರಣ್ಯವೇ. ಮಧ್ಯ ಯುರೋಪಿನಲ್ಲಿ 2018ರ ಬರಗಾಲದ ನಂತರ ತೊಗಟೆ ಕೊರೆಯುವ ದುಂಬಿಗೆ ಬಲಿಯಾದ ಸ್ಪ್ರೂಸ್ ತೋಪುಗಳೂ ಹಾಗೆಯೇ.

ಭಾರತದ ಅಂಕಿಗಳಿಗೆ ಬಂದರೆ, ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ 2023ರ ವರದಿಯಂತೆ ದೇಶದ ಅರಣ್ಯ ಹೊದಿಕೆ 7,15,343 ಚದರ ಕಿಲೋಮೀಟರ್, ಅಂದರೆ ಭೂಭಾಗದ ಶೇ 21.76. ಹಿಂದಿನ ವರದಿಗಿಂತ 156 ಚದರ ಕಿಲೋಮೀಟರ್ ಹೆಚ್ಚು. ಅದೇ ಅವಧಿಯಲ್ಲಿ ಈಶಾನ್ಯ ರಾಜ್ಯಗಳು 327 ಚದರ ಕಿಲೋಮೀಟರ್ ಕಳೆದುಕೊಂಡಿವೆ. ಈ ಸಂಸ್ಥೆಯ ಪ್ರಕಾರ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ 10ರಷ್ಟಾದರೂ ನೆತ್ತಿ ಮುಚ್ಚಿದ ಯಾವುದೇ ನೆಲ ಅರಣ್ಯ ಹೊದಿಕೆಯೇ; ಅದು ಯಾರ ಒಡೆತನದ್ದು, ಅಲ್ಲಿರುವುದು ಯಾವ ಮರ ಎಂಬುದು ಮುಖ್ಯವಲ್ಲ. ಹೀಗಾಗಿ ಕೊಡಗಿನ ಕಾಫಿ ತೋಟವೂ, ಮಾವಿನ ತೋಪೂ, ನೀಲಗಿರಿಯ ನೆಡುತೋಪೂ ಅದರಲ್ಲಿ ಸೇರುತ್ತವೆ. ಮಲೆನಾಡಿನಲ್ಲಿ ಕಾನುಗಳ, ಅಂದರೆ ದಟ್ಟ ನಿತ್ಯಹರಿದ್ವರ್ಣ ಕಾಡುಗಳ, ಜಾಗಕ್ಕೆ ಅಕೇಶಿಯಾ ಬಂದಾಗ ಬತ್ತಿದ ಒರತೆಗಳ ದುಃಖ ಅಲ್ಲಿನವರಿಗೆ ಗೊತ್ತು. ಹೊದಿಕೆಯ ಅಂಕಿಯಲ್ಲಿ ಅದರ ಗುರುತೇ ಉಳಿಯುವುದಿಲ್ಲ. ಅತಿ ದಟ್ಟ, ಮಧ್ಯಮ, ವಿರಳ ಎಂಬ ವರ್ಗೀಕರಣ ವರದಿಯಲ್ಲಿದ್ದರೂ ಅದು ದಟ್ಟಣೆಯನ್ನು ಹೇಳುತ್ತದೆ, ಸಹಜ ಕಾಡೋ ನೆಟ್ಟದ್ದೋ ಎಂಬುದನ್ನಲ್ಲ. ಈ ಎರಡನ್ನು ಪ್ರತ್ಯೇಕವಾಗಿ, ಜಿಲ್ಲಾವಾರು ಪ್ರಕಟಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಕಾಫಿ ಬೆಳೆಗಾರರಿಗೆ ಈ ವ್ಯಾಖ್ಯೆಯ ಪ್ರಶ್ನೆ ಈಗ ವ್ಯಾಪಾರದ ಪ್ರಶ್ನೆಯೂ ಆಗಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ಸೋಯಾ, ತಾಳೆ ಎಣ್ಣೆ, ರಬ್ಬರ್, ಮರ ಮತ್ತು ದನದ ಉತ್ಪನ್ನಗಳನ್ನು ತನ್ನ ಮಾರುಕಟ್ಟೆಗೆ ಬಿಡುವುದಿಲ್ಲವೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿಯನ್ನು ಬಳಿಕ ಮುಂದೂಡಲಾಗಿದೆ. ಆ ಕಾನೂನು ಬಳಸುವುದು ಎಫ್‌ಎಒ ವ್ಯಾಖ್ಯೆಯನ್ನು. ಅದರಂತೆ ನೆರಳು ಮರಗಳಡಿಯ ಕಾಫಿ ತೋಟ ಕೃಷಿಭೂಮಿ. ನಮ್ಮ ಸಮೀಕ್ಷೆಯ ನಕ್ಷೆಯಲ್ಲಿ ಅದೇ ತೋಟ ಅರಣ್ಯ ಹೊದಿಕೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವ ಕರ್ನಾಟಕದ ತೋಟಗಳ ಮೇಲೆ ದಟ್ಟ ಮರಗಳಿರುವುದರಿಂದ, ಮೇಲಿನಿಂದ ನೋಡುವ ಉಪಗ್ರಹಕ್ಕೆ ತೋಟಕ್ಕೂ ಪಕ್ಕದ ಕಾಡಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಆದ್ದರಿಂದ ಕಾಫಿ ಮಂಡಳಿ ಬೆಳೆಗಾರರ ತೋಟಗಳ ಸ್ಥಳ ವಿವರಗಳನ್ನು ದಾಖಲಿಸುವ ಕೆಲಸ ಕೈಗೊಂಡಿದೆ. ಒಂದೆರಡು ಎಕರೆಯ ಸಣ್ಣ ಬೆಳೆಗಾರರೂ ತಮ್ಮ ಜಮೀನು ಆ ದಿನಾಂಕಕ್ಕೆ ಮೊದಲಿನಿಂದಲೇ ತೋಟವಾಗಿತ್ತೆಂಬುದಕ್ಕೆ ದಾಖಲೆ ಒದಗಿಸಬೇಕಾಗುತ್ತದೆ.